ಮಿರ್ಚಿ, ಮೊಬೈಲು, ಮಾತು: ಶಮೆದಮೆಯನ್ನು ಮನೆಯಲ್ಲಿ ರೂಢಿಸುವುದು ಹೇಗೆ?

ಸಂಡೇ ಸ್ಕೂಲಿನಲ್ಲಿ ಆತ್ಮನ ಫಲವನ್ನು, ಅಂದರೆ ಪವಿತ್ರಾತ್ಮ ನಮ್ಮಲ್ಲಿ ಬೆಳೆಸುವ ಗುಣಗಳನ್ನು, ಬಾಯಿಪಾಠ ಮಾಡುವಾಗ ನಮಗೆಲ್ಲ ನಾಲಿಗೆ ತೊಡರುತ್ತಿದ್ದುದು ಒಂದೇ ಪದಕ್ಕೆ: ಶಮೆದಮೆ. ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿರುವ ಒಂಬತ್ತರ ಪಟ್ಟಿಯಲ್ಲಿ ಇದು ಕಡೆಯದು. ಪ್ರೀತಿ, ಸಂತೋಷ, ಸಮಾಧಾನ ಅಂತ ಜೋರಾಗಿ ಶುರು ಮಾಡಿದ ಮಕ್ಕಳಿಗೆ ಇಲ್ಲಿಗೆ ಬರುವಷ್ಟರಲ್ಲಿ ಉಸಿರೇ ಉಳಿದಿರುವುದಿಲ್ಲ. ಶಮೆ ಅಂದರೆ ಮನಸ್ಸು ತಣ್ಣಗಿರುವುದು, ದಮೆ ಅಂದರೆ ಕಣ್ಣು, ಕಿವಿ, ನಾಲಿಗೆಯನ್ನು ಪಳಗಿಸುವುದು. ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನಮ್ಮ ಬಳ್ಳಾರಿಗೆ ದೊಡ್ಡ ಪಾಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಅದಕ್ಕೆ ಕೂತರು. ಆದರೆ ಇದೇ ಊರಿನಲ್ಲಿ ಸಂಜೆ 5 ಗಂಟೆಗೆ ಬಾಣಲೆಯಿಂದ ಮಿರ್ಚಿ ವಾಸನೆ ಎದ್ದರೆ ಶಮೆಯೂ ಇಲ್ಲ, ದಮೆಯೂ ಇಲ್ಲ.

ನಾನು ಕೌಲ್ ಬಜಾರಿನವಳು. ನಮ್ಮ ಸ್ತ್ರೀಯರ ಕೂಟದಲ್ಲಿ ಈ ವಿಷಯ ಬಂದಾಗೆಲ್ಲ ಒಂದೇ ಉತ್ತರ: "ಪ್ರಾರ್ಥನೆ ಮಾಡಿ, ಗಟ್ಟಿಯಾಗಿರಿ." ಗಟ್ಟಿಯಾಗಿರುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 25ನೇ ಅಧ್ಯಾಯದ ಕೊನೆಯ ವಚನ ತನ್ನ ಮೇಲೆ ಹಿಡಿತವಿಲ್ಲದವರನ್ನು ಗೋಡೆ ಬಿದ್ದ ಊರಿಗೆ ಹೋಲಿಸುತ್ತದೆ. ಕೋಟೆ ನೋಡುತ್ತಲೇ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯದು. ಇಬ್ಬರಲ್ಲಿ ಯಾರೂ ಶತ್ರು ಬಾಗಿಲಿಗೆ ಬಂದ ಮೇಲೆ ಕಲ್ಲು ಹೊರಲು ಕೂತವರಲ್ಲ. ನಾವು ಮಾತ್ರ ಸಿಟ್ಟು ಬಂದ ಮೇಲೆ ತಾಳ್ಮೆ ಹುಡುಕುತ್ತೇವೆ, ಸೀರೆ ಅಂಗಡಿಯೊಳಗೆ ಕೂತು ಖರ್ಚಿನ ಲೆಕ್ಕ ಹಾಕುತ್ತೇವೆ. ಕೆಳಗಿನದೆಲ್ಲ ಮುಂಚೆಯೇ ಮಾಡಿಟ್ಟುಕೊಳ್ಳುವ ಕೆಲಸ.

ಮೊದಲು ಒಂದನ್ನೇ ಹಿಡಿಯಿರಿ

ಹೊಸ ವರ್ಷದ ಆರಾಧನೆ ಮುಗಿಸಿ ಬಂದು ಸಿಟ್ಟು, ಸಕ್ಕರೆ, ಸೀರಿಯಲ್, ಚಾಡಿ ಎಲ್ಲ ಒಟ್ಟಿಗೇ ಬಿಡುತ್ತೇನೆ ಅನ್ನುವವರು ಸಂಕ್ರಾಂತಿಗೆ ಮುಂಚೆಯೇ ಸುಸ್ತಾಗಿರುತ್ತಾರೆ. ಒಂದು ಅಭ್ಯಾಸ ಸಾಕು. ಒಂದು ವಾರ ಅದನ್ನು ಬಿಡಲೂ ಹೋಗಬೇಡಿ, ಸುಮ್ನೆ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರ ಮೂಲೆಯಲ್ಲೇ. ಎಷ್ಟು ಹೊತ್ತಿಗೆ ತಪ್ಪಿದೆ, ಎಲ್ಲಿದ್ದೆ, ಜೊತೆಗೆ ಯಾರಿದ್ದರು. ಇಷ್ಟೇ.

ನಾನು ಮಕ್ಕಳ ಮೇಲೆ ಕೂಗಾಡುವುದನ್ನು ಹೀಗೆ ಬರೆದೆ. ವಾರದ ಕೊನೆಗೆ ನೋಡಿದರೆ ಮುಕ್ಕಾಲು ಪಾಲು ಕೂಗಾಟ ಎರಡೇ ಹೊತ್ತಿನಲ್ಲಿ: ನಲ್ಲಿ ನೀರು ಬರುವ ದಿನ ಬೆಳಿಗ್ಗೆ, ಮತ್ತು ಮಧ್ಯಾಹ್ನ ಹಸಿದು ರೊಟ್ಟಿ ಬಡಿಯುವಾಗ. ಮೇ ತಿಂಗಳು, ಹೊರಗೆ 40 ಡಿಗ್ರಿ, ಮುಂದೆ ಹೆಂಚು. ನನ್ನ ಆತ್ಮಿಕ ಜೀವನ ಕುಸಿದಿದೆ ಅಂತ ಅತ್ತಿದ್ದೆ. ಅದರಲ್ಲಿ ಅರ್ಧ ಬರೀ ಹಸಿವು! ಈಗ 11 ಗಂಟೆಗೆ ಒಂದು ಲೋಟ ಮಜ್ಜಿಗೆ ಕುಡಿದೇ ಹಿಟ್ಟು ನಾದುತ್ತೇನೆ. ಕೂಗಾಟ ಪೂರ್ತಿ ನಿಂತಿಲ್ಲ, ಆದರೆ ಪಕ್ಕದ ಮನೆಗೆ ಕೇಳುವಷ್ಟಿಲ್ಲ.

ವಸ್ತುವನ್ನು ದೂರ ಇಡಿ

ಮೊಬೈಲನ್ನು ದಿಂಬಿನ ಕೆಳಗಿಟ್ಟುಕೊಂಡು ರೀಲ್ಸ್ ನೋಡಬಾರದು ಅಂತ ಪ್ರಾರ್ಥಿಸುವುದು ದೇವರಿಗೆ ಜಾಸ್ತಿ ಕೆಲಸ ಕೊಟ್ಟಂತೆ. ರಾತ್ರಿ ಊಟವಾದ ಮೇಲೆ ನನ್ನ ಫೋನು ಖಾಲಿಯಾದ ರೊಟ್ಟಿ ಡಬ್ಬಿಯೊಳಗೆ ಹೋಗುತ್ತದೆ. ಬೆಳಿಗ್ಗೆ ಏಳಲು ಅಲಾರಾಂ ಗಡಿಯಾರ ಬೇರೆ ಇದೆ. ಬೈಬಲ್ ಕೂಡ ಫೋನಿನಲ್ಲೇ ಇದೆಯಲ್ಲ ಅನ್ನುತ್ತೀರಾ? ಅಚ್ಚಾದ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಓದುವಾಗ ನಾದಿನಿಯ ಸ್ಟೇಟಸ್ ಮೇಲೆ ಬಂದು ಕೂರುವುದಿಲ್ಲ.

ದುಡ್ಡಿಗೂ ಇದೇ ದಾರಿ. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಳಿಗೆ ಹೋಗುವ ದಿನ ಎಷ್ಟು ಅಂತ ಮನೆಯಲ್ಲೇ ತೀರ್ಮಾನಿಸಿ, ಅಷ್ಟು ನೋಟು ಮಾತ್ರ ಪರ್ಸಿಗೆ ಹಾಕಿ, ಫೋನ್ ಪೇ ಇರುವ ಮೊಬೈಲನ್ನು ಮನೆಯಲ್ಲಿ ಬಿಟ್ಟು ಹೊರಡಿ.

ನಾಲಿಗೆ: ಇಲ್ಲಿ ನಿಧಾನವಾಗಿ ಓದಿ

ಉಳಿದದ್ದೆಲ್ಲ ನಮ್ಮೊಬ್ಬರಿಗೇ ನಷ್ಟ. ಮಾತು ಹಾಗಲ್ಲ. ದೊಡ್ಡ ಕಾಡು ಎಷ್ಟು ಚಿಕ್ಕ ಕಿಡಿಗೆ ಸುಟ್ಟುಹೋಗುತ್ತದೆ ನೋಡಿ ಅಂತ ಯಾಕೋಬ ತನ್ನ ಪತ್ರದ 3ನೇ ಅಧ್ಯಾಯದಲ್ಲಿ ಹೇಳುತ್ತಾನೆ. ನಮ್ಮ ಕ್ರೈಸ್ತ ಹೆಂಗಸರ ಕಿಡಿಗೆ ಒಂದು ಒಳ್ಳೆಯ ಹೆಸರೂ ಇದೆ: ಪ್ರಾರ್ಥನಾ ವಿಷಯ. "ಪಾಪ, ಆ ಮನೆಯ ಹುಡುಗಿಗೋಸ್ಕರ ಪ್ರಾರ್ಥನೆ ಮಾಡಿ, ಏನಾಯ್ತು ಗೊತ್ತಾ..." ಅಂತ ಶುರುವಾದರೆ ಆಮೆನ್ ಹೊತ್ತಿಗೆ ಆ ಮನೆಯ ಮಾನ ಬೀದಿಯಲ್ಲಿರುತ್ತದೆ.

ಇದನ್ನು ನಾನೇ ಮಾಡಿದ್ದೇನೆ. ಗೆಳತಿಯೊಬ್ಬಳು ತನ್ನ ಮಗಳ ಸಂಬಂಧ ಮುರಿದದ್ದನ್ನು ನನ್ನೊಬ್ಬಳಿಗೇ ಹೇಳಿ ಅತ್ತಿದ್ದಳು. ಕೂಟದಲ್ಲಿ ಹೆಸರು ಹೇಳದೆ ಪ್ರಾರ್ಥನೆಗೆ ಕೇಳಿದೆ. ಹೆಸರು ಹೇಳಬೇಕಾಗಿಯೇ ಇರಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಭಾನುವಾರ ಅವಳು ಬೇರೆ ಬೆಂಚಿನಲ್ಲಿ ಕೂತಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅಜ್ಜಿ ಹೇಳುತ್ತಿದ್ದದ್ದು ಆವತ್ತು ನೆನಪಾಯಿತು, ತಡವಾಗಿ.

ಅಂದಿನಿಂದ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ಸಂಗತಿ ನನ್ನದಾ, ಅವರದಾ? ಅವರದಾದರೆ ಹೇಳಲು ಕೇಳಿಕೊಂಡಿದ್ದೇನಾ? ಅವರು ಇದೇ ಕೋಣೆಯಲ್ಲಿದ್ದರೆ ಹೀಗೇ ಹೇಳುತ್ತಿದ್ದೆನಾ? ಮೂರರಲ್ಲಿ ಒಂದಕ್ಕೆ ಅನುಮಾನ ಬಂದರೂ "ನನ್ನ ಮನಸ್ಸಿನಲ್ಲಿ ಒಂದು ವಿಷಯ ಇದೆ, ಪ್ರಾರ್ಥಿಸಿ" ಅಂದರೆ ಮುಗಿಯಿತು. ದೇವರಿಗೆ ವಿವರ ಗೊತ್ತು.

ಎದುರಿಗೇ ಕೆಣಕುವವರಿದ್ದರೆ ಏನು ಮಾಡುವುದು? ಬೈಬಲಿನಲ್ಲಿ ಪಾರಸಿಯ ರಾಜ ಅರ್ತಷಸ್ತನು "ನಿನಗೇನು ಬೇಕು" ಅಂತ ಕೇಳಿದಾಗ ಅವನಿಗೆ ದ್ರಾಕ್ಷಾರಸ ಬಡಿಸುವ ಸೇವಕ ನೆಹೆಮೀಯ ಬಾಯಿ ತೆರೆಯುವ ಮುಂಚೆ ದೇವರಿಗೆ ಪ್ರಾರ್ಥಿಸಿದ. ರಾಜ ಎದುರಿಗೆ ಕಾಯುತ್ತಿರುವಾಗ ಆ ಪ್ರಾರ್ಥನೆ ಎಷ್ಟು ಉದ್ದ ಇದ್ದೀತು? ಒಂದು ಉಸಿರು. ಅತ್ತೆ "ನಿಮ್ಮಮ್ಮ ಇದನ್ನೂ ಕಲಿಸಲಿಲ್ವಾ" ಅಂದಾಗ ಅಷ್ಟೇ ಉದ್ದದ್ದು ಸಾಕು.

ಹಿಡಿತ ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ

ಇದನ್ನು ಹೇಳದೆ ಮುಂದೆ ಹೋಗಲಾರೆ. ಗಂಡ ಕುಡಿದು ಹೊಡೆದರೂ ತಾಳಿಕೊಳ್ಳುವುದೇ ಶಮೆದಮೆ ಅಂತ ಹೆಂಗಸರಿಗೆ ಬುದ್ಧಿ ಹೇಳುವವರು ನಮ್ಮಲ್ಲಿ ಇದ್ದಾರೆ. 1 ಸಮುವೇಲನ 25ನೇ ಅಧ್ಯಾಯದ ಅಬೀಗೈಲಳನ್ನು ಓದಿ. ಗಂಡ ನಾಬಾಲನ ಒರಟು ಮಾತಿಗೆ ದಾವೀದ ಕತ್ತಿ ಹಿಡಿದು ಹೊರಟಿದ್ದಾನೆ. ಇವಳು ಮನೆಯಲ್ಲಿ ಕೂತು ಅಳಲಿಲ್ಲ. 200 ರೊಟ್ಟಿ, 5 ಕುರಿಯ ಮಾಂಸ ಕತ್ತೆಗಳ ಮೇಲೆ ಹೇರಿಕೊಂಡು, ಗಂಡನಿಗೆ ಹೇಳದೆ ಹೋಗಿ ಮನೆಯವರ ಪ್ರಾಣ ಉಳಿಸಿದಳು. ತಿರುಗಿ ಬಂದರೆ ಅವನು ಕುಡಿದು ಬಿದ್ದಿದ್ದ. ಬೆಳಗಾಗುವವರೆಗೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ, ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಸುಮ್ಮನಿದ್ದದ್ದು ಹೆದರಿ ಅಲ್ಲ, ಹೇಳುವ ಹೊತ್ತನ್ನು ತಾನೇ ಆರಿಸಿಕೊಂಡಳು. ಮನೆಯಲ್ಲಿ ಕೈ ಎತ್ತುವವರಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಕೂರಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎಷ್ಟು ದಿನ?

ಬಾಬೆಲಿಗೆ ಸೆರೆಹೋಗಿದ್ದ ದಾನಿಯೇಲ ಮತ್ತು ಅವನ ಗೆಳೆಯರು ಅರಮನೆಯ ಊಟ ಬೇಡ, ಕಾಯಿಪಲ್ಯ ಮತ್ತು ನೀರು ಸಾಕು ಅಂದಾಗ ಕೇಳಿದ್ದು 10 ದಿನದ ಪರೀಕ್ಷೆ. ನೀವೂ 10 ದಿನದಿಂದ ಶುರು ಮಾಡಿ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ 40 ದಿನ ಆಮೇಲೆ ನೋಡೋಣ. ಜೊತೆಗೆ ಒಬ್ಬ ಗೆಳತಿ ಇರಲಿ, ಕೂಟದ ಮುಂದೆ ಸಾಕ್ಷಿ ಹೇಳುವ ಅವಸರ ಬೇಡ. ರಾತ್ರಿ ಒಂದು ಸಾಲು ಕಳಿಸಿದರೆ ಸಾಕು: "ಇವತ್ತು ಆಯ್ತು" ಅಥವಾ "ಇವತ್ತು ಹೋಯ್ತು." ಫೋನು ಡಬ್ಬಿಗೆ ಹೋಗುವ ಮುಂಚೆ.

ತಪ್ಪಿದ ದಿನ "ಹೇಗೂ ಹೋಯ್ತಲ್ಲ" ಅಂತ ಇಡೀ ದಿನವನ್ನು ಕೆಡಿಸಿಕೊಳ್ಳುವುದು ನಮ್ಮ ಚಟ. ಬೆಳಿಗ್ಗೆ ತಪ್ಪಿದರೆ ಮಧ್ಯಾಹ್ನದಿಂದಲೇ ಮತ್ತೆ ಶುರು ಮಾಡಿ, ಸೋಮವಾರದವರೆಗೆ ಕಾಯಬೇಡಿ. ಯಾರನ್ನಾದರೂ ನೋಯಿಸಿದ್ದರೆ ದೇವರ ಹತ್ತಿರ ಕ್ಷಮೆ ಕೇಳಿದ್ದಷ್ಟೇ ಸಾಲದು, ಅವರ ಮನೆಗೂ ಹೋಗಬೇಕು. ನಾನು ಗೆಳತಿಯ ಮನೆಗೆ ಹೋದೆ. ಚಹಾ ಕೊಟ್ಟಳು, ಮಾತಾಡಲಿಲ್ಲ. ಮೂರನೇ ಸಲ ಹೋದಾಗ ಮಾತಾಡಿದಳು. ಈಗ ರಾತ್ರಿಯ ಆ ಒಂದು ಸಾಲನ್ನು ನಾನು ಕಳಿಸುವುದು ಅವಳಿಗೇ.

ಕೂಗಾಟ, ಫೋನು, ಚಾಡಿ, ಮೂರಾಯಿತು. ಮುಂದಿನದು ಸಂಜೆಯ ವಗ್ಗರಣಿ ಮಿರ್ಚಿ ಅಲ್ವಾ ಅಂತ ಅವಳು ಕೇಳುತ್ತಲೇ ಇದ್ದಾಳೆ. ಮಳೆಗಾಲ ಮುಗಿಯಲಿ ಅಂದಿದ್ದೇನೆ.