ಹ್ಯಾಮ್ ರೇಡಿಯೊಗೆ ಕಂಪ್ಯೂಟರ್ ಜೋಡಿಸಿದ್ರೆ ‘ಗುಂಯ್’ ಅನ್ನುತ್ತಾ?

‘ಏನ್ ಸಾರ್, ಹಿಂದೆ ತಂಬೂರಿ ಇಟ್ಕೊಂಡಿದ್ದೀರಾ?’ ಎಂದು ಮಂಡ್ಯದ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು 40 ಮೀಟರ್ ತರಂಗದ ಬ್ಯಾಂಡಿನಲ್ಲಿ ಕೇಳಿದರು. ಮೈಸೂರಿನ ಸರಸ್ವತಿಪುರಂನ ನನ್ನ ಮನೆಯಲ್ಲಿ ತಂಬೂರಿ ಇಲ್ಲ. ರೆಕಾರ್ಡ್ ಮಾಡಿಟ್ಟ ‘ಸಿಕ್ಯೂ’ (ಯಾರಾದರೂ ಇದ್ದೀರಾ?) ಕೂಗನ್ನು ಕಳಿಸಲು ರೇಡಿಯೊಗೆ ಲ್ಯಾಪ್‌ಟಾಪ್ ಜೋಡಿಸಿದ್ದೆ, ಅಷ್ಟೆ. ನಿಮಗೂ ಹೀಗಾಗಿದ್ದರೆ ಮೊದಲು ಅಂಗಡಿಗೆ ಓಡಬೇಡಿ. ಒಂದೊಂದೇ ತಂತಿ ಕಳಚುತ್ತಾ ಬನ್ನಿ. ಕಳ್ಳ ತಾನಾಗಿ ಸಿಗುತ್ತಾನೆ.

ಆಂಟೆನಾ ತೆಗೆದು 50 ಓಮ್‌ನ ಡಮ್ಮಿ ಲೋಡ್ (ಸಿಗ್ನಲ್ಲನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ. ಪವರ್ ಅನ್ನು 5 ವ್ಯಾಟಿಗೆ ಇಳಿಸಿ. ಇಳಿಸಲು ನಾಚಿಕೆ ಯಾಕೆ? 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಲ್ಲಿ ‘ಆಕಾಶವಾಣಿ’ ಎಂಬ ತಮ್ಮದೇ ರೇಡಿಯೊ ಕೇಂದ್ರ ಶುರು ಮಾಡಿದ್ದೇ 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ. ಈಗ ಇನ್ನೊಂದು ರಿಸೀವರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಮ್ಮ ಸಿಗ್ನಲ್ ಅನ್ನು ನೀವೇ ಕೇಳಿ.

ಗುಂಯ್ ಅನ್ನುವುದು ಹಾಗೇ ಇದೆಯೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ರೇಡಿಯೊಗೆ ಪವರ್ ಸಪ್ಲೈ ಮೂಲಕ ಒಂದು ಅರ್ಥಿಂಗ್, ಲ್ಯಾಪ್‌ಟಾಪಿಗೆ ಚಾರ್ಜರ್ ಮೂಲಕ ಇನ್ನೊಂದು. ಆಡಿಯೊ ತಂತಿಯ ಹೊರ ಹೆಣಿಗೆ ಎರಡನ್ನೂ ಸೇರಿಸಿದಾಗ ಒಂದು ಬಳೆ ಆಗುತ್ತದೆ. ಅದರಲ್ಲಿ ಮನೆಯ ಕರೆಂಟಿನ 50 ಹರ್ಟ್ಸ್, ಅದರ ಮರಿಗಳಾದ 100, 150, 200 ಹರ್ಟ್ಸ್ ಸುತ್ತುತ್ತವೆ. ಎರಡು ಪಿನ್ನಿನ ಚಾರ್ಜರಿನಲ್ಲೂ ಇದು ತಪ್ಪುವುದಿಲ್ಲ. ಲೋಹದ ಲ್ಯಾಪ್‌ಟಾಪಿನ ಮೈ ಸವರಿದರೆ ಬೆರಳಿಗೆ ಜುಂ ಅನ್ನುತ್ತಲ್ಲ, ಅದೇ ಸೋರುವ ಕರೆಂಟು ಇಲ್ಲೂ ಹರಿಯುತ್ತದೆ.

ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸಿ ಸದ್ದು ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಅದು ಇರುವುದು ಜೀವ ಉಳಿಸಲು.

ಸರಿಯಾದ ಮದ್ದು 600 ಓಮ್‌ಗೆ 600 ಓಮ್, ಅಂದರೆ 1:1 ಆಡಿಯೊ ಟ್ರಾನ್ಸ್‌ಫಾರ್ಮರ್. ಬೆರಳ ತುದಿಯಷ್ಟು ಪುಟ್ಟದು. ಕಳಿಸುವ ದಾರಿಗೊಂದು, ಕೇಳುವ ದಾರಿಗೊಂದು ಬೇಕು. ಆಡಿಯೊ ದಾಟುತ್ತದೆ, ತಂತಿಗೆ ತಂತಿ ಮುಟ್ಟುವುದಿಲ್ಲ. ನಾನು ಎರಡನ್ನೂ ಸಾಲ್ಡರ್ ಮಾಡಿ, ಚೆಂದ ಕಾಣಲಿ ಅಂತ ತಗಡಿನ ಬಿಸ್ಕತ್ ಡಬ್ಬಿಯೊಳಗೆ ಕೂರಿಸಿದೆ. ತಂಬೂರಿ ಹಾಗೇ ಮೊಳಗುತ್ತಿತ್ತು! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಎರಡೂ ಕಡೆಯ ಸಾಕೆಟ್ಟುಗಳ ಲೋಹದ ಕುತ್ತಿಗೆ ಅದೇ ತಗಡಿಗೆ ತಾಗಿತ್ತು. ಬಿಡಿಸಿದ್ದನ್ನು ಡಬ್ಬಿ ಮತ್ತೆ ಸೇರಿಸಿತ್ತು. ಪ್ಲಾಸ್ಟಿಕ್ ಸೋಪ್ ಡಬ್ಬಿಗೆ ಬದಲಾಯಿಸಿದೆ, ಸದ್ದು ಅಡಗಿತು.

ಪಿಟಿಟಿಗೆ (ಮಾತು ಕಳಿಸಲು ಒತ್ತುವ ಸ್ವಿಚ್) ಬೇರೆ ತಂತಿ ಎಳೆದಿದ್ದರೆ ಅಲ್ಲೂ ಗ್ರೌಂಡ್ ಸೇರಿಕೊಳ್ಳುತ್ತದೆ. ಪಿಸಿ817ರಂಥ ಆಪ್ಟೊಕಪ್ಲರ್ (ತಂತಿ ಮುಟ್ಟಿಸದೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಹಾಕಿದರೆ ಆ ಜೋಡಣೆಯೂ ಬಿಡುತ್ತದೆ. ರೇಡಿಯೊ ಒಳಗೇ ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ಟ್ರಾನ್ಸ್‌ಫಾರ್ಮರಿಗೆ ಜಾಗವೇ ಇಲ್ಲ, ಯುಎಸ್‌ಬಿ ತಂತಿಯನ್ನೇ ಹೀಗೆ ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್ ನೋಡಬೇಕು.

ಬ್ಯಾಟರಿಯಲ್ಲಿದ್ದರೂ ದನಿ ಒಡೆದು ಕರಕರ ಅಂದರೆ ತಪ್ಪು ವಾಲ್ಯೂಮಿನದು. ಹೆಡ್‌ಫೋನ್ ಸಾಕೆಟ್ಟಿನಿಂದ 1 ವೋಲ್ಟಿನ ಆಸುಪಾಸು ಬರಬಹುದು, ಮೈಕ್ ಸಾಕೆಟ್ಟಿಗೆ ಕೆಲವೇ ಮಿಲಿವೋಲ್ಟ್ ಸಾಕು. ಲೋಟಕ್ಕೆ ಕೊಡದಿಂದ ಸುರಿದ ಹಾಗೆ. 10 ಕಿಲೊಓಮ್ ಮತ್ತು 100 ಓಮ್ ರೆಸಿಸ್ಟರ್ ಜೋಡಿಸಿದರೆ ಸುಮಾರು ನೂರರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಆಮೇಲೆ ರೇಡಿಯೊದ ಎಎಲ್‌ಸಿ ಮೀಟರ್ (ದನಿ ಅತಿಯಾದಾಗ ರೇಡಿಯೊ ತಾನೇ ತಗ್ಗಿಸುವುದನ್ನು ತೋರಿಸುವಂಥದು) ನೋಡುತ್ತಾ ವಾಲ್ಯೂಮ್ ಏರಿಸಿ. ಮುಳ್ಳು ಅಲುಗಿದ ಕೂಡಲೇ ಸ್ವಲ್ಪ ಇಳಿಸಿ, ಅಲ್ಲೇ ಬಿಡಿ. ದನಿಯನ್ನು ಎತ್ತಿ ಕೊಡುವ ಸ್ಪೀಚ್ ಪ್ರೊಸೆಸರ್ ಆಫ್ ಇರಲಿ. ಎಫ್‌ಟಿ8 (ಕಂಪ್ಯೂಟರ್ ಟೋನ್‌ಗಳಲ್ಲಿ ಸಂದೇಶ ಕಳಿಸುವ ಪದ್ಧತಿ) ಆಡುವವರು ಟೋನ್ ಅನ್ನು 1500 ಹರ್ಟ್ಸಿಗಿಂತ ಮೇಲಿಟ್ಟರೆ ಒಳ್ಳೆಯದು. ಆಗ ಅದರ ದುಪ್ಪಟ್ಟಿನ ಮರಿ 3000 ಹರ್ಟ್ಸ್ ದಾಟಿ, ರೇಡಿಯೊ ಫಿಲ್ಟರಿನಲ್ಲೇ ಬಹುಪಾಲು ಸೋಸಿಹೋಗುತ್ತದೆ.

ಈಗ ಆಂಟೆನಾ ಮತ್ತೆ ಹಾಕಿ ಪವರ್ ಏರಿಸುತ್ತಾ ಹೋಗಿ. ಡಮ್ಮಿ ಲೋಡಿನಲ್ಲಿ ಸುಮ್ನಿದ್ದದ್ದು ಈಗ ಗೊರಗೊರ ಅಂದರೆ, ಮೌಸ್ ತನ್ನಷ್ಟಕ್ಕೆ ಕುಣಿದರೆ, ಯುಎಸ್‌ಬಿ ಕಡಿದುಹೋದರೆ, ನೀವೇ ಕಳಿಸಿದ ರೇಡಿಯೊ ತರಂಗ (ಆರ್‌ಎಫ್) ಕೇಬಲ್ ಹಿಡಿದು ಒಳಗೆ ನುಗ್ಗುತ್ತಿದೆ ಅಂತ ಅರ್ಥ. ಮನೆಯ ಮೇಲೇ ಎಂಡ್-ಫೆಡ್ (ತುದಿಯಿಂದ ಸಿಗ್ನಲ್ ಕೊಡುವ) ಆಂಟೆನಾ ತಂತಿ ಕಟ್ಟಿದವರಿಗೆ ಇದು ಜಾಸ್ತಿ. ಯುಎಸ್‌ಬಿ, ಆಡಿಯೊ ಕೇಬಲ್‌ಗಳನ್ನು ಫೆರೈಟ್ ಉಂಗುರಕ್ಕೆ ಐದಾರು ಸುತ್ತು ಸುತ್ತಿ. ಎಚ್‌ಎಫ್‌ಗೆ (40 ಮೀಟರಿನಂಥ ಶಾರ್ಟ್‌ವೇವ್ ಬ್ಯಾಂಡುಗಳಿಗೆ) 31 ನಂಬರಿನ ಫೆರೈಟ್ ಕೇಳಿ ತನ್ನಿ. ಬರೀ ಒಂದು ಕ್ಲಿಪ್ ಸಿಕ್ಕಿಸಿದರೆ ಅಷ್ಟಾಗಿ ಪ್ರಯೋಜನವಿಲ್ಲ, ಸುತ್ತು ಹೆಚ್ಚಿದಷ್ಟೂ ತಡೆ ಹೆಚ್ಚು. ಆಂಟೆನಾದ ಕೋಆಕ್ಸ್ ಕೇಬಲ್ ಮನೆಯೊಳಗೆ ಬರುವ ಕಡೆಯೂ ಇಂಥದೇ ಒಂದು ಚೋಕ್ (ತಡೆ ಸುರುಳಿ) ಇರಲಿ.

ಕೊನೆಯದಾಗಿ ವಿಂಡೋಸಿನ ಟಿಂಗ್ ಸದ್ದುಗಳನ್ನು ಆಫ್ ಮಾಡಿ, ಇಲ್ಲದಿದ್ದರೆ ಅವೂ ಪ್ರಸಾರವಾಗುತ್ತವೆ. ರೇಡಿಯೊವನ್ನು ಡೇಟಾ ಮೋಡ್‌ಗೆ ಹಾಕದೆ, ಮಾತಿಗೆ ಬಳಸುವ ಎಸ್‌ಎಸ್‌ಬಿ ಮೋಡ್‌ನಲ್ಲೇ ಬಿಟ್ಟರೆ ಕೆಲವು ರೇಡಿಯೊಗಳಲ್ಲಿ ಮೇಜಿನ ಮೈಕೂ ತೆರೆದೇ ಇರುತ್ತದೆ. ಒಂದು ಸಂಜೆ ನಮ್ಮ ಮನೆಯ ಕುಕ್ಕರ್ ಮೂರು ಸೀಟಿ ಹೊಡೆದದ್ದನ್ನು ಮಂಡ್ಯದವರು ಎಣಿಸಿ ಹೇಳಿದರು.