ಬ್ಯಾಕ್‌ಸ್ಪೇಸ್ ಅಳಿಸದಿದ್ದರೆ ನಾನು ಮೊದಲು ನೋಡುವುದು

ಟರ್ಮಿನಲ್ ವಿಂಡೋ ತೆರೆದು ಲಿನಕ್ಸ್ ಸರ್ವರ್‌ನಲ್ಲಿ ಏನೋ ಟೈಪ್ ಮಾಡುತ್ತಿರುತ್ತೀರಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಯುವುದಿಲ್ಲ. ಬದಲಿಗೆ ಒಂದು ಕ್ಯಾರೆಟ್ ಗುರುತು, ಪಕ್ಕದಲ್ಲೊಂದು ಎಚ್ ಬಂದು ಕೂರುತ್ತದೆ. ಹೆಚ್ಚಿನವರು ಆ ವಿಂಡೋ ಮುಚ್ಚಿ ಹೊಸದು ತೆರೆಯುತ್ತಾರೆ. ನಾನು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಾಲನ್ನು ಈಗ ತಿದ್ದುತ್ತಿರುವುದು ಶೆಲ್ಲೋ (ನಾವು ಕೊಟ್ಟ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್), ಕರ್ನಲ್ಲೋ (ಆಪರೇಟಿಂಗ್ ಸಿಸ್ಟಮ್‌ನ ತಿರುಳು)?

ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗನೊಬ್ಬ ಇದನ್ನೇ ಹಿಡಿದುಕೊಂಡು ಬಂದಿದ್ದ. "ಸರ್, ಶೆಲ್‌ನಲ್ಲಿ ಎಲ್ಲ ಸರಿ ಇದೆ. ಡೇಟಾಬೇಸ್ ಪ್ರಾಂಪ್ಟ್‌ಗೆ ಹೋದರೆ ಮಾತ್ರ ಬ್ಯಾಕ್‌ಸ್ಪೇಸ್ ಕೆಲಸ ಮಾಡಲ್ಲ." ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ಬ್ಯಾಶ್ ಎಂಬ ಶೆಲ್ ತನ್ನ ಸಾಲನ್ನು ರೀಡ್‌ಲೈನ್ ಎಂಬ ಲೈಬ್ರರಿ ಮೂಲಕ ತಾನೇ ತಿದ್ದಿಕೊಳ್ಳುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ರೀಡ್‌ಲೈನ್‌ಗೆ ಬೈಟ್ 8 ಬಂದರೂ ಸರಿ, 127 ಬಂದರೂ ಸರಿ, ಎರಡಕ್ಕೂ ಅಳಿಸುತ್ತದೆ. ಅವನ ಆ ಪ್ರಾಂಪ್ಟ್‌ಗೆ, ಕೊಟ್ಟದ್ದನ್ನು ಹಾಗೇ ಹೊರಬಿಡುವ ಕ್ಯಾಟ್‌ನಂಥ ಸಾದಾ ಪ್ರೋಗ್ರಾಮ್‌ಗಳಿಗೆ ಸಾಲು ತಿದ್ದಿಕೊಡುವುದು ಕರ್ನಲ್‌ನಲ್ಲಿ ಟರ್ಮಿನಲ್ ನೋಡಿಕೊಳ್ಳುವ ಭಾಗವಾದ ಟಿಟಿವೈ. ಅದಕ್ಕೆ ಗೊತ್ತಿರುವುದು ಒಂದೇ ಅಳಿಸುವ ಬೈಟ್.

ಅವನ ಕೈಯಲ್ಲೇ ಮಾಡಿಸಿದೆ. ಕಂಟ್ರೋಲ್-ವಿ ಒತ್ತಿ, ಆಮೇಲೆ ಬ್ಯಾಕ್‌ಸ್ಪೇಸ್. ಹೀಗೆ ಮಾಡಿದರೆ ಕೀ ನಿಜಕ್ಕೂ ಏನು ಕಳಿಸುತ್ತಿದೆ ಎಂಬುದು ಪರದೆ ಮೇಲೆ ಕಾಣುತ್ತದೆ. ಕ್ಯಾರೆಟ್ ಎಚ್ ಬಂತು, ಅಂದರೆ 8. ಆಮೇಲೆ ಟಿಟಿವೈ ಸೆಟ್ಟಿಂಗ್‌ಗಳನ್ನು ತೋರಿಸುವ 'ಎಸ್‌ಟಿಟಿವೈ -ಎ' ಕಮಾಂಡ್ ಕೊಟ್ಟು 'ಇರೇಸ್' ಎಂಬ ಜಾಗ ನೋಡಿದೆವು. ಅಲ್ಲಿ ಕ್ಯಾರೆಟ್ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಅಂದರೆ 127. ಕಳಿಸುವವರದು ಒಂದು, ಕಾಯುವವರದು ಇನ್ನೊಂದು. ಅವನು ಬಳಸುವ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮ್‌ನ ಸೆಟ್ಟಿಂಗ್‌ನಲ್ಲಿ ಯಾರೋ ಕಂಟ್ರೋಲ್-ಎಚ್ ಆರಿಸಿಟ್ಟಿದ್ದರು. ಅದನ್ನು 127ಕ್ಕೆ ಬದಲಿಸಿದ ಮೇಲೆ ತಕರಾರಿಲ್ಲ.

ಸರ್ವರ್ ಕಡೆಯಿಂದಲೂ ಸರಿ ಮಾಡಬಹುದು. 'ಎಸ್‌ಟಿಟಿವೈ ಇರೇಸ್' ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಕಂಟ್ರೋಲ್-ವಿ ಮತ್ತು ಬ್ಯಾಕ್‌ಸ್ಪೇಸ್ ಒತ್ತಿ ಎಂಟರ್ ಕೊಟ್ಟರಾಯಿತು. ಆದರೆ ಆ ಸಾಲನ್ನು ಸುಮ್ನೆ ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ಗೆ ಹಾಕಬೇಡಿ. ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಸೇರುವ ವಿಧಾನ) ಮೂಲಕ ಟರ್ಮಿನಲ್ ಇಲ್ಲದೆ ಒಂದು ಕಮಾಂಡ್ ಓಡಿಸಿದರೂ ಬ್ಯಾಶ್ ಆ ಫೈಲ್ ಓದುತ್ತದೆ. ಟರ್ಮಿನಲ್ಲೇ ಇಲ್ಲದ ಕಡೆ ಎಸ್‌ಟಿಟಿವೈ 'ಇನ್‌ಅಪ್ರೋಪ್ರಿಯೇಟ್ ಐಓಸಿಟಿಎಲ್' ಎಂದು ಗೊಣಗುತ್ತದೆ, ನಿಮ್ಮ ಬ್ಯಾಕಪ್ ಲಾಗ್ ತುಂಬ ಅದೇ ಗಲಾಟೆ. ಹಾಕಲೇಬೇಕಿದ್ದರೆ ಶೆಲ್ ಇಂಟರಾಕ್ಟಿವ್ (ಎದುರು ಕೂತು ಟೈಪ್ ಮಾಡುವಂಥದ್ದು) ಹೌದೋ ಅಲ್ಲವೋ ಪರೀಕ್ಷಿಸಿ ಹಾಕಿ. ನನ್ನನ್ನು ಕೇಳಿದರೆ ಟರ್ಮಿನಲ್ ಪ್ರೋಗ್ರಾಮ್ ಸರಿಪಡಿಸುವುದೇ ವಾಸಿ.

ಅಂದಹಾಗೆ, ಮೊದಮೊದಲ ಯೂನಿಕ್ಸ್‌ನಲ್ಲಿ ಅಳಿಸಲು ಹ್ಯಾಶ್ ಗುರುತು, ಇಡೀ ಸಾಲು ರದ್ದು ಮಾಡಲು ಅಟ್ ಗುರುತು ಇತ್ತು. ಟೆಲಿಟೈಪ್ ಕಾಗದದ ಮೇಲೆ ಒಮ್ಮೆ ಅಚ್ಚಾದದ್ದನ್ನು ಅಳಿಸುವುದು ಹೇಗೆ, ಅಲ್ವಾ?

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತಲೆನೋವಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್. 'ಕ್ಷ' ಬರೆದರೆ ಕ, ಹಲಂತ, ಷ ಸೇರಿ 9 ಬೈಟ್. ಲಿನಕ್ಸ್ ಟಿಟಿವೈನಲ್ಲಿ 'ಐಯುಟಿಎಫ್8' ಎಂಬ ಸೆಟ್ಟಿಂಗ್ ಆಫ್ ಆಗಿದ್ದರೆ ಒಂದು ಬ್ಯಾಕ್‌ಸ್ಪೇಸ್‌ಗೆ ಒಂದೇ ಬೈಟ್ ಹೋಗುತ್ತದೆ. ಪರದೆಯಲ್ಲಿ ಅಳಿಸಿದಂತೆ ಕಂಡರೂ ಫೈಲ್ ಒಳಗೆ ತುಂಡು ಬೈಟ್‌ಗಳು ಉಳಿದಿರುತ್ತವೆ. 'ಎಸ್‌ಟಿಟಿವೈ -ಎ' ಪಟ್ಟಿಯಲ್ಲಿ ಆ ಹೆಸರಿನ ಎಡಕ್ಕೆ ಮೈನಸ್ ಇದೆಯಾ ನೋಡಿ, ಇದ್ದರೆ ಆಫ್ ಎಂದರ್ಥ. ಆಗ 'ಎಸ್‌ಟಿಟಿವೈ ಐಯುಟಿಎಫ್8' ಕೊಡಿ. ಆಗಲೂ 'ಕ್ಷ' ಅಳಿಸಲು ಮೂರು ಸಲ ಒತ್ತಬೇಕು, ಆದರೆ ಕಸ ಉಳಿಯುವುದಿಲ್ಲ. ಈ ಸೆಟ್ಟಿಂಗ್ ಅನ್ನು ಎಸ್‌ಎಸ್‌ಎಚ್ ಆಚೆ ಕಡೆಗೆ ತಿಳಿಸುವ ಆರ್‌ಎಫ್‌ಸಿ 8160 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಬಂದದ್ದೇ 2017ರಲ್ಲಿ. ಹಾಗಾಗಿ ಹಳೆಯ ಸರ್ವರ್‌ಗಳಲ್ಲಿ ಕೈಯಾರೆ ಹಾಕಬೇಕಾದೀತು.

ಪರದೆ ಕಲ್ಲಾಗಿ ನಿಂತರೆ ಬಹುಶಃ ಕಂಟ್ರೋಲ್-ಎಸ್ ಒತ್ತಿರುತ್ತೀರಿ, ಕಂಟ್ರೋಲ್-ಕ್ಯೂ ಒತ್ತಿ. ಯಾವುದೋ ಪ್ರೋಗ್ರಾಮ್ ಅರ್ಧದಲ್ಲಿ ಸತ್ತು, ಎಂಟರ್‌ಗೆ ಕ್ಯಾರೆಟ್ ಎಂ ಬರುತ್ತಿದ್ದರೆ ಕಂಟ್ರೋಲ್-ಜೆ, 'ಎಸ್‌ಟಿಟಿವೈ ಸೇನ್' (ಸೆಟ್ಟಿಂಗ್‌ಗಳನ್ನು ಸಹಜ ಸ್ಥಿತಿಗೆ ತರುವ ಕಮಾಂಡ್), ಮತ್ತೆ ಕಂಟ್ರೋಲ್-ಜೆ. ಟೈಪ್ ಮಾಡಿದ್ದು ಕಾಣದಿದ್ದರೂ ಕಣ್ಣು ಮುಚ್ಚಿ ಹೊಡೆಯಿರಿ.

ಜಾಸ್ತಿ ಜನರಿಗೆ ಹೊಳೆಯದ್ದು ಉದ್ದ ಸಾಲಿನ ಪೇಸ್ಟ್. ಫೈಲ್‌ಗೆ ಬರೆಯುವಂತೆ ಕ್ಯಾಟ್ ಓಡಿಸಿ ಒಂದೇ ಸಾಲಿನ ದೊಡ್ಡ ಟೋಕನ್ (ಪಾಸ್‌ವರ್ಡ್‌ನಂಥ ಉದ್ದ ಗುರುತು) ಅಂಟಿಸುತ್ತೀರಿ, ಫೈಲ್ ನೋಡಿದರೆ ಬಾಲ ಕತ್ತರಿಸಿದೆ. ಟೋಕನ್ ಕೊಟ್ಟವರ ಜೊತೆ ಜಗಳಕ್ಕೆ ಹೋಗುವ ಮೊದಲು ಫೈಲ್‌ನ ಉದ್ದ ಎಣಿಸಿ. ಕೊನೆಯ ನ್ಯೂಲೈನ್ ಸೇರಿ ಸರಿಯಾಗಿ 4096 ಬೈಟ್ ಇದ್ದರೆ ಕತ್ತರಿ ಹಾಕಿದ್ದು ಲಿನಕ್ಸ್ ಟಿಟಿವೈ. ಸಾಲು ತಿದ್ದುವ ಮೋಡ್‌ನಲ್ಲಿ ಅದರ ಮಿತಿ ಅಷ್ಟೇ. ಮೊದಲು ಆ ಮೋಡ್ ಆಫ್ ಮಾಡುವ 'ಎಸ್‌ಟಿಟಿವೈ -ಐಕ್ಯಾನನ್' ಕೊಟ್ಟು ಆಮೇಲೆ ಪೇಸ್ಟ್ ಮಾಡಿದರೆ ಪೂರ್ತಿ ಬರುತ್ತದೆ. ಹೀಗೆ ಆಫ್ ಆಗಿರುವಾಗ ಕಂಟ್ರೋಲ್-ಡಿಗೆ ಕ್ಯಾಟ್ ನಿಲ್ಲುವುದಿಲ್ಲ. ಎಂಟರ್ ಒತ್ತಿ, ಕಂಟ್ರೋಲ್-ಸಿ ಕೊಟ್ಟು ಹೊರಬನ್ನಿ. ಆಮೇಲೆ ಮೈನಸ್ ಇಲ್ಲದೆ ಅದೇ ಕಮಾಂಡ್ ಇನ್ನೊಮ್ಮೆ ಕೊಟ್ಟುಬಿಡಿ.