ನಮ್ಮ ಕೇರಿಗೊಂದು ಅಂಗನವಾಡಿ: ಬೇಡಿಕೆ ಸಲ್ಲಿಸಿ ಪಡೆದುಕೊಳ್ಳುವ ಬಗೆ

ಒಂದು ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ಆಹಾರದ ಹಕ್ಕಿನ ಪ್ರಕರಣ ಎಂದೇ ಹೆಸರಾದ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ರಿಟ್ ಅರ್ಜಿಯಲ್ಲಿ (ಸಂಖ್ಯೆ 196/2001) ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಕೊಟ್ಟ ಆದೇಶ ಇದು. ಹಳ್ಳಿಗೂ ಕೊಳೆಗೇರಿಗೂ ಇದು ಒಂದೇ. ಇಷ್ಟು ಸ್ಪಷ್ಟವಾದ ಆದೇಶವಿದ್ದೂ ರಾಯಚೂರಿನ ದೊಡ್ಡಿಗಳಲ್ಲಿ, ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ, ಕೊಡಗಿನ ತೋಟ ಕಾರ್ಮಿಕರ ಲೈನ್‌ಮನೆಗಳಲ್ಲಿ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ಅಂಗನವಾಡಿಯ ಮುಖ ಕಾಣದೆಯೇ ಬೆಳೆಯುವ ಮಕ್ಕಳಿದ್ದಾರೆ. ಅದಕ್ಕೊಂದು ಕಾರಣ, ಆದೇಶದಲ್ಲಿರುವ ‘ಕೇಳಿದ ದಿನದಿಂದ’ ಎಂಬ ಮಾತು. ಬಾಯಿಮಾತಿನಲ್ಲಿ ನೂರು ಸಲ ಕೇಳಿದರೂ ಅದು ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಬರಹದಲ್ಲಿ, ಮಕ್ಕಳ ಪಟ್ಟಿಯೊಂದಿಗೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಕೇಳಬೇಕು.

ಅರ್ಧ ಕೆಲಸ ಆ ಪಟ್ಟಿಯದ್ದೇ. ಪಟ್ಟಿ ಗಟ್ಟಿಯಿದ್ದರೆ ಉಳಿದದ್ದು ಓಡಾಟ ಮಾತ್ರ.

ಮೊದಲು ಮಾನದಂಡ ತಿಳಿದುಕೊಳ್ಳಿ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಜನಸಂಖ್ಯೆಯ ಲೆಕ್ಕ ಹಿಡಿಯುತ್ತದೆ. 400ರಿಂದ 800 ಜನರಿಗೆ ಒಂದು ಅಂಗನವಾಡಿ, 800ರಿಂದ 1,600ಕ್ಕೆ ಎರಡು, 1,600ರಿಂದ 2,400ಕ್ಕೆ ಮೂರು. 150ರಿಂದ 400 ಜನರಿದ್ದರೆ ಮಿನಿ ಅಂಗನವಾಡಿ. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶದಲ್ಲಿ 300 ಜನರಿದ್ದರೂ ಪೂರ್ಣ ಕೇಂದ್ರ ಸಿಗಬೇಕು. ಕೋರ್ಟ್ ಹೇಳಿದ್ದು ಮಕ್ಕಳ ಲೆಕ್ಕ, ಇಲಾಖೆಯದ್ದು ಜನರ ಲೆಕ್ಕ. ನಿಮ್ಮ ಪಟ್ಟಿಯಲ್ಲಿ ಎರಡೂ ಇರಲಿ. 280 ಜನರ ಹಾಡಿಯಲ್ಲಿ 43 ಮಕ್ಕಳಿರುವುದುಂಟು. ಆಗ ಜನಸಂಖ್ಯೆ ಸಾಲದು ಎಂದು ತಳ್ಳಿಹಾಕಿದರೆ ಮಕ್ಕಳ ಸಂಖ್ಯೆ ಮುಂದಿಡಬಹುದು.

ಮನೆಮನೆ ಲೆಕ್ಕ

ಇಬ್ಬಿಬ್ಬರ ತಂಡ ಮಾಡಿ, ಪ್ರತಿ ತಂಡದಲ್ಲೂ ಅದೇ ಕೇರಿಯ ಒಬ್ಬ ಹೆಂಗಸು ಇರಲಿ. ಕೂಲಿಗೆ ಹೋಗುವವರು ಬೆಳಿಗ್ಗೆ ಎಂಟರ ಮೇಲೆ ಮನೆಯಲ್ಲಿ ಸಿಗುವುದಿಲ್ಲ; ಆರರಿಂದ ಎಂಟು, ಇಲ್ಲವೇ ಸಂಜೆ ಏಳರ ಮೇಲೆ ಹೋಗಿ. ಕಬ್ಬು ಕಡಿಯಲು ಗುಳೆ ಹೋಗುವ ಊರಾದರೆ ಜನ ಊರಲ್ಲಿರುವ ತಿಂಗಳು ನೋಡಿಕೊಂಡು ಲೆಕ್ಕ ಮಾಡಿ.

ನೋಟ್‌ಬುಕ್ಕಿನಲ್ಲಿ ಈ ಕಾಲಂಗಳು ಸಾಕು: ಮನೆ ಕ್ರಮಸಂಖ್ಯೆ, ಮನೆಯಲ್ಲಿರುವ ಒಟ್ಟು ಜನ, ಮಗುವಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ದಿನಾಂಕಕ್ಕೆ ಆಧಾರ, ಈಗ ಯಾವ ಅಂಗನವಾಡಿಯಲ್ಲಿ ಹೆಸರಿದೆ, ಅಲ್ಲಿಗೆ ನಿಜವಾಗಿ ಹೋಗುತ್ತದೆಯೇ. ಬಸುರಿ ಬಾಣಂತಿಯರನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಸಿಗುವ ಊಟ ಅವರ ಹಕ್ಕು, ಅವರ ಸಂಖ್ಯೆಯೂ ಬೇಡಿಕೆಗೆ ಬಲ. ಆಧಾರ್ ನಂಬರ್ ಬರೆದುಕೊಳ್ಳಬೇಡಿ. ಈ ಪಟ್ಟಿ ಹತ್ತು ಕೈ ದಾಟಿ ಹೋಗುತ್ತದೆ. ಅದೇ ಕಾರಣಕ್ಕೆ ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಬೇಡ.

ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಇಲ್ಲದಿದ್ದರೆ ತಾಯಿ ಕಾರ್ಡ್ ನೋಡಿ, ಚುಚ್ಚುಮದ್ದಿನ ಪುಟದಲ್ಲಿ ದಿನಾಂಕಗಳಿರುತ್ತವೆ. ಅದೂ ಇಲ್ಲದಿದ್ದರೆ ಊರ ಜಾತ್ರೆಗೆ ಮುಂಚೆಯೋ ಆಮೇಲೋ, ಯುಗಾದಿಗೆ ಎಷ್ಟು ತಿಂಗಳ ಕೂಸು ಎಂದು ಕೇಳಿ ಅಂದಾಜು ಬರೆದು, ‘ತಾಯಿಯ ಹೇಳಿಕೆ’ ಎಂದು ಆಧಾರದ ಕಾಲಂನಲ್ಲಿ ಕಾಣಿಸಿ. ಅಂದಾಜನ್ನು ನಿಖರವೆಂದು ತೋರಿಸಬೇಡಿ. ಒಂದು ಹೆಸರು ಸುಳ್ಳಾದರೆ ಪೂರ್ತಿ ಪಟ್ಟಿಯ ಮೇಲೆ ಅನುಮಾನ ಬೀಳುತ್ತದೆ.

ಸರಿಯಾಗಿ 40 ಮಕ್ಕಳಿದ್ದಾರೆ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಪರಿಶೀಲನೆಗೆ ಮೇಲ್ವಿಚಾರಕಿ ಬರುವ ಹೊತ್ತಿಗೆ ಇಬ್ಬರಿಗೆ ಆರು ತುಂಬಿರುತ್ತದೆ, ಒಂದು ಕುಟುಂಬ ಊರು ಬಿಟ್ಟಿರುತ್ತದೆ, ಮೂವರ ಹೆಸರು ಪಕ್ಕದ ಕೇಂದ್ರದ ಪೋಷಣ್ ಟ್ರ್ಯಾಕರ್‌ನಲ್ಲಿ (ಕಾರ್ಯಕರ್ತೆಯ ಮೊಬೈಲ್ ದಾಖಲೆಯಲ್ಲಿ) ಇರುತ್ತದೆ. ಅಕ್ಕಪಕ್ಕದ ಸಾಲುಗಳನ್ನೂ ಸೇರಿಸಿ 45ರ ಮೇಲಿದ್ದರೆ ನೆಮ್ಮದಿ. ಆಶಾ ಕಾರ್ಯಕರ್ತೆಯ ಪಲ್ಸ್ ಪೋಲಿಯೊ ಪಟ್ಟಿಯೊಂದಿಗೆ ನಿಮ್ಮದನ್ನು ತಾಳೆ ನೋಡಿ. ಪೋಲಿಯೊ ಹನಿ ಐದು ವರ್ಷದೊಳಗಿನವರಿಗೆ ಮಾತ್ರ, ಹಾಗಾಗಿ ಅವರ ಪಟ್ಟಿಗಿಂತ ನಿಮ್ಮ ಪಟ್ಟಿ ಉದ್ದವಿರಬೇಕು. ಗಿಡ್ಡವಿದ್ದರೆ ಎಲ್ಲೋ ಮನೆ ಬಿಟ್ಟುಹೋಗಿದೆ.

ದಾರಿಯನ್ನು ಅಳೆಯಿರಿ

‘ಹತ್ತಿರದಲ್ಲೇ ಅಂಗನವಾಡಿ ಇದೆಯಲ್ಲ’ ಎಂಬುದು ಬಹುಪಾಲು ಮೊದಲ ಉತ್ತರ. ಅದಕ್ಕೆ ಎದುರುತ್ತರ ಜಗಳವಲ್ಲ, ಅಳತೆ. ನಾಲ್ಕು ವರ್ಷದ ಮಗುವಿನ ಕೈ ಹಿಡಿದು, ಅದರ ನಡಿಗೆಯಲ್ಲೇ ಆ ಕೇಂದ್ರಕ್ಕೆ ನಡೆಯಿರಿ. ಹೊರಟ ಹೊತ್ತು, ತಲುಪಿದ ಹೊತ್ತು ಬರೆಯಿರಿ. ದಾರಿಯಲ್ಲಿ ಹೆದ್ದಾರಿ, ರೈಲು ಹಳಿ, ಕಾಲುವೆ, ಮಳೆಗಾಲದಲ್ಲಿ ತುಂಬುವ ಹಳ್ಳ, ಕಾಡಂಚಿನಲ್ಲಿ ಆನೆ ದಾಟುವ ಜಾಗ, ಏನಿದೆಯೋ ಅದನ್ನು ಕೈನಕ್ಷೆಯಲ್ಲಿ ಗುರುತಿಸಿ. ಮೊಬೈಲ್ ನಕ್ಷೆ ಹಳ್ಳದ ಆಚೆಯ ಕೇಂದ್ರವನ್ನು 600 ಮೀಟರ್ ಎಂದು ತೋರಿಸಬಹುದು. ಸೇತುವೆ ಸುತ್ತಿ ಹೋದರೆ ಎರಡು ಕಿಲೋಮೀಟರ್ ಆಗಿರುತ್ತದೆ. ಕೇರಿಯ ಮಕ್ಕಳನ್ನು ಆ ಕೇಂದ್ರದಲ್ಲಿ ದೂರ ಕೂರಿಸುತ್ತಾರೆ, ಅದಕ್ಕೇ ತಾಯಂದಿರು ಕಳಿಸುತ್ತಿಲ್ಲ ಎಂಬುದು ನಿಜವಾದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಪರಿಶಿಷ್ಟರ ವಸತಿಗಳಿಗೆ ಮೊದಲ ಆದ್ಯತೆ ಕೊಡಬೇಕೆಂದು ಅದೇ ಪ್ರಕರಣದಲ್ಲಿ ಕೋರ್ಟ್ ಹೇಳಿದೆ.

ತೋಳಿನ ಅಳತೆ

ಈ ಕೆಲಸಕ್ಕೆ ಆಶಾ ಅಥವಾ ಆರೋಗ್ಯ ಉಪಕೇಂದ್ರದ ಸಿಬ್ಬಂದಿಯನ್ನು ಜೊತೆಗೆ ಕರೆದುಕೊಳ್ಳಿ. ತೋಳಿನ ಅಳತೆ ಪಟ್ಟಿ ಅವರ ಬಳಿ ಇರುತ್ತದೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ ಇದು. ಮಗುವಿನ ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ಮಧ್ಯಬಿಂದುವಿಗೆ ಪೆನ್ನಿನ ಗುರುತು ಹಾಕಿ. ಆಮೇಲೆ ಕೈ ಸಡಿಲವಾಗಿ ಇಳಿಬಿಡಿಸಿ ಪಟ್ಟಿ ಸುತ್ತಿ. ಚರ್ಮ ಒತ್ತಿ ಸುಕ್ಕಾದರೆ ಬಿಗಿಯಾಯಿತು, ನಡುವೆ ಸಂದಿ ಕಂಡರೆ ಸಡಿಲವಾಯಿತು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗೆ ಮಧ್ಯಮ. ಎರಡೂ ಪಾದಗಳ ಮೇಲೆ ಹೆಬ್ಬೆರಳಿಂದ ಮೂರು ಎಣಿಸುವಷ್ಟು ಹೊತ್ತು ಒತ್ತಿ ಬಿಡಿ; ಕುಳಿ ಹಾಗೇ ಉಳಿದರೆ ತೋಳಿನ ಅಳತೆ ಎಷ್ಟೇ ಇರಲಿ ಅದು ಅಪಾಯದ ಸೂಚನೆ.

ಅಂಥ ಮಗು ಕಂಡರೆ ಅಂಗನವಾಡಿ ಮಂಜೂರಾಗುವವರೆಗೆ ಕಾಯಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕೇ ಎಂದು ವೈದ್ಯರು ಹೇಳುತ್ತಾರೆ. ತಾಯಿ ಹೊರಡಲು ಹಿಂಜರಿದರೆ ಮನೆಯಲ್ಲಿ ಉಳಿಯುವ ಇನ್ನಿಬ್ಬರು ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದೇ ಬಹುಮಟ್ಟಿಗೆ ಅಡ್ಡಿ. ಆ ಹೊಣೆ ಕೇರಿಯವರು ಹೊರಬೇಕು. ಅರ್ಜಿಯಲ್ಲಿ ಇಂಥ ಮಕ್ಕಳ ಸಂಖ್ಯೆ ಮಾತ್ರ ಬರಲಿ, ಹೆಸರು ಬೇಡ.

ಅರ್ಜಿ

ವಿಳಾಸ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ. ಪ್ರತಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ, ಜಿಲ್ಲಾ ಪಂಚಾಯಿತಿ ಸಿಇಒಗೆ, ಗ್ರಾಮ ಪಂಚಾಯಿತಿ ಪಿಡಿಒಗೆ. ಒಂದೇ ಪುಟ, ಹೆಚ್ಚೆಂದರೆ ಒಂದೂವರೆ. ತಿರುಳು ಹೀಗಿರಲಿ:

‘ನಮ್ಮ ವಸತಿಯಲ್ಲಿ ಇಷ್ಟು ಮನೆ, ಇಷ್ಟು ಜನರಿದ್ದು, ಆರು ವರ್ಷದೊಳಗಿನ ಮಕ್ಕಳು ಇಷ್ಟು (ಪಟ್ಟಿ ಲಗತ್ತಿಸಿದೆ). ಹತ್ತಿರದ ಅಂಗನವಾಡಿ ನಡಿಗೆಯಲ್ಲಿ ಇಷ್ಟು ದೂರವಿದ್ದು, ದಾರಿಯಲ್ಲಿ ಇಂಥ ಅಪಾಯವಿದೆ (ನಕ್ಷೆ ಲಗತ್ತಿಸಿದೆ). ಸುಪ್ರೀಂ ಕೋರ್ಟಿನ ದಿನಾಂಕ 13-12-2006ರ ಆದೇಶ ಹಾಗೂ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರ ಕಲಂ 4, 5 ಮತ್ತು 6ರಂತೆ ನಮ್ಮ ವಸತಿಗೆ ಅಂಗನವಾಡಿ ಮಂಜೂರು ಮಾಡಬೇಕು. ಮಂಜೂರಾಗುವವರೆಗೆ ಈ ಎಲ್ಲ ಮಕ್ಕಳನ್ನು, ಗರ್ಭಿಣಿ ಬಾಣಂತಿಯರನ್ನು ಹತ್ತಿರದ ಕೇಂದ್ರದಲ್ಲಿ ಈಗಲೇ ನೋಂದಾಯಿಸಿ ಆಹಾರವನ್ನು ನಮ್ಮ ವಸತಿಗೆ ತಲುಪಿಸಬೇಕು.’

ಕಾಯ್ದೆಯ ಕಲಂಗಳನ್ನು ಸೇರಿಸುವುದಕ್ಕೆ ಕಾರಣವಿದೆ. ಪಿಯುಸಿಎಲ್ ಪ್ರಕರಣ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಮುಕ್ತಾಯವಾಗಿದೆ. ಬರೀ ಆದೇಶವೊಂದನ್ನೇ ಹಿಡಿದು ಹೋದರೆ ‘ಅದು ಹಳೆಯ ಕೇಸು’ ಎನ್ನುವವರಿರುತ್ತಾರೆ. ಗರ್ಭಿಣಿ ಬಾಣಂತಿಯರಿಗೆ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಊಟ ಕೊಡಬೇಕು ಎಂಬುದು ಈಗ ಕಾಯ್ದೆಯ ಮಾತು. ಕೊನೆಯ ವಾಕ್ಯವನ್ನೂ ಬಿಡಬೇಡಿ. ಕೇಂದ್ರ ಬರುವುದು ತಡವಾದರೂ ಮೊಟ್ಟೆ, ಹಾಲು, ಮನೆಗೆ ಒಯ್ಯುವ ಆಹಾರ ತಡವಾಗಬೇಕಿಲ್ಲ.

ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು ಮೊದಲು ಬರಲಿ, ಮುಖಂಡರದ್ದು ಆಮೇಲೆ. ಕಚೇರಿಗೆ ಐದಾರು ತಾಯಂದಿರು ಕೂಸುಗಳನ್ನು ಎತ್ತಿಕೊಂಡೇ ಹೋಗಲಿ. ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಬರಬೇಡಿ. ‘ಇಟ್ಟು ಹೋಗಿ, ನೋಡುತ್ತೇವೆ’ ಎಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಕಾಪಾಡಿ. ಮೂರು ತಿಂಗಳ ಎಣಿಕೆ ಶುರುವಾಗುವುದು ಆ ದಿನಾಂಕದಿಂದ.

ಹಳ್ಳಿಯಾದರೆ ಇದರ ಜೊತೆಗೇ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಗ್ರಾಮಸಭೆಯ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಕೋರಂ ಇಲ್ಲದ ಸಭೆಯ ಠರಾವಿಗೆ ಬೆಲೆಯಿಲ್ಲ. ಹಾಜರಿ ಪುಸ್ತಕ ತುಂಬಿದೆಯೇ ನೋಡಿ. ಚರ್ಚೆ ಆಯಿತು ಎಂಬುದು ಸಾಲದು, ನಡಾವಳಿ ಪುಸ್ತಕದಲ್ಲಿ ವಾಕ್ಯ ಬರೆಯುವವರೆಗೆ ಅಲ್ಲೇ ಇರಿ. ಹೆಚ್ಚಿನ ಕಡೆ ಬೇಡಿಕೆ ಕಳೆದುಹೋಗುವುದು ಇಲ್ಲಿಯೇ.

ಬರುವ ಉತ್ತರಗಳು

‘ಹೊಸ ಕೇಂದ್ರಕ್ಕೆ ಮಂಜೂರಾತಿ ಇಲ್ಲ, ದೇಶಕ್ಕೆ 14 ಲಕ್ಷದ ಮಿತಿ ಇದೆ’ ಎನ್ನಬಹುದು. 2006ರ ಆದೇಶದಲ್ಲಿರುವುದು ‘ಕನಿಷ್ಠ 14 ಲಕ್ಷ’ ಎಂದು. ಅದು ನೆಲ, ಛಾವಣಿಯಲ್ಲ. ಆದರೂ ತಾಲ್ಲೂಕು ಅಧಿಕಾರಿಯ ಕೈಯಲ್ಲಿ ಹೊಸ ಮಂಜೂರಾತಿ ಇಲ್ಲ ಎಂಬುದು ನಿಜ, ಅವರನ್ನು ದೂರಿ ಫಲವಿಲ್ಲ. ಪ್ರಸ್ತಾವನೆ ಮೇಲಕ್ಕೆ ಕಳಿಸುವಂತೆ ಕೇಳಿ, ಕಳಿಸಿದ ಪತ್ರದ ಸಂಖ್ಯೆ ಪಡೆಯಿರಿ. ಅದರ ಜೊತೆಗೆ ಸ್ಥಳಾಂತರವನ್ನೂ ಕೇಳಬಹುದು: ಅದೇ ತಾಲ್ಲೂಕಿನಲ್ಲಿ ಮಕ್ಕಳೇ ಇಲ್ಲದ ಕೇಂದ್ರವಿದ್ದರೆ ಅದನ್ನು ನಿಮ್ಮಲ್ಲಿಗೆ ತರಿಸುವುದು. ಒಂದೆಚ್ಚರ, ಇನ್ನೊಂದು ಬಡ ಕೇರಿಯ ಕೇಂದ್ರವನ್ನು ಕಿತ್ತು ತಂದದ್ದು ಆಗಬಾರದು.

‘ಇವರು ವಲಸೆ ಬಂದವರು, ಖಾಯಂ ಅಲ್ಲ’ ಎಂಬುದು ನಗರದ ಉತ್ತರ. ಶೆಡ್‌ನ ಕುಟುಂಬಗಳು ಬದಲಾಗಬಹುದು, ಮಕ್ಕಳ ಸಂಖ್ಯೆ ಬದಲಾಗುವುದಿಲ್ಲ. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಲೆಕ್ಕ ಮಾಡಿ ಎರಡೂ ಪಟ್ಟಿ ತೋರಿಸಿ. ಅಂಗನವಾಡಿಗೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ಮಗುವಿಗೆ ಆಧಾರ್ ಇಲ್ಲವೆಂದು ಹಿಂದಕ್ಕೆ ಕಳಿಸುವಂತೆಯೂ ಇಲ್ಲ, ತಾಯಿಯ ಆಧಾರ್ ಸಾಕು.

‘ಕೂಸಿನ ಮನೆ ಇದೆ’ ಎಂದರೆ, ಆ ಶಿಶುಪಾಲನಾ ಕೇಂದ್ರ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗೆ. ಒಳ್ಳೆಯ ಸೌಲಭ್ಯ, ಆದರೆ ಅಂಗನವಾಡಿಯ ಬದಲಿಗೆ ಅಲ್ಲ.

‘ಜಾಗ ಎಲ್ಲಿದೆ?’ ಇದಕ್ಕೆ ಮೊದಲೇ ಸಿದ್ಧವಾಗಿರಿ, ಮಂಜೂರಾದ ಕೇಂದ್ರ ಜಾಗವಿಲ್ಲದೆ ಬೇರೆಡೆಗೆ ಹೋಗುವುದುಂಟು. ಕಟ್ಟಡಕ್ಕೆ ಕನಿಷ್ಠ 600 ಚದರಡಿ, ಅದರಲ್ಲಿ ಮಕ್ಕಳು ಕೂರುವ ಕೋಣೆ, ಬೇರೆ ಅಡುಗೆಮನೆ, ದಾಸ್ತಾನು ಕೋಣೆ, ಮಕ್ಕಳ ಶೌಚಾಲಯ, ಕುಡಿಯುವ ನೀರು, ಆಡುವ ಜಾಗ ಇರಬೇಕು. ಪಂಚಾಯಿತಿಯ ನಿವೇಶನ, ಶಾಲೆಯ ಖಾಲಿ ಕೊಠಡಿ, ಸಮುದಾಯ ಭವನ ಯಾವುದು ಸಿಗುತ್ತದೆ ನೋಡಿ ಅರ್ಜಿಯಲ್ಲೇ ಬರೆಯಿರಿ. ಬಾಡಿಗೆ ಮನೆಯಾದರೆ ಇಲಾಖೆ ಕೊಡುವ ಮಿತಿ ಈಗ ಎಷ್ಟಿದೆ ಎಂದು ಸಿಡಿಪಿಒ ಕಚೇರಿಯಲ್ಲಿ ಕೇಳಿಯೇ ಮನೆ ಹುಡುಕಿ. ಗುಡಿಯ ಜಗಲಿ ಬೇಡ, ಎಲ್ಲ ಜಾತಿಯ ಮಕ್ಕಳೂ ಅಳುಕಿಲ್ಲದೆ ಕಾಲಿಡುವ ಜಾಗವಾಗಬೇಕು.

ಸದ್ದಿಲ್ಲದಿದ್ದರೆ

ತಿಂಗಳು ಕಳೆದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರು ಕಾರ್ಡ್ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತು ಐದು ವಿಷಯ ತುರುಕಿದ ಅರ್ಜಿಗಳೇ ಹೆಚ್ಚು ತಿರಸ್ಕೃತವಾಗುವುದು. ಒಂದರಲ್ಲಿ ‘ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ’ ಕೇಳಿ. ಇನ್ನೊಂದರಲ್ಲಿ ತಾಲ್ಲೂಕಿನ ಎಲ್ಲ ಅಂಗನವಾಡಿಗಳ ಪಟ್ಟಿ, ಪ್ರತಿಯೊಂದರಲ್ಲಿ ದಾಖಲಾದ ಮಕ್ಕಳು ಮತ್ತು ಕಳೆದ ಮೂರು ತಿಂಗಳ ಸರಾಸರಿ ಹಾಜರಿ. ಸ್ಥಳಾಂತರಕ್ಕೆ ಯಾವ ಕೇಂದ್ರ ಸೂಕ್ತ ಎಂದು ಈ ಎರಡನೆಯದರಿಂದ ಗೊತ್ತಾಗುತ್ತದೆ. ಏಕೆ, ಯಾವಾಗ ಮಾಡುತ್ತೀರಿ ಎಂದು ಕೇಳಬೇಡಿ, ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಮೂರು ತಿಂಗಳು ಮುಗಿದ ಮಾರನೆಯ ದಿನ, ಆಹಾರ ಭದ್ರತಾ ಕಾಯ್ದೆಯ ಕಲಂ 15ರಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಆಹಾರ ಆಯೋಗ. ದೂರಿನಲ್ಲಿ ‘ಅಂಗನವಾಡಿ ಕೊಟ್ಟಿಲ್ಲ’ ಎನ್ನುವುದಕ್ಕಿಂತ ‘ಈ 46 ಮಕ್ಕಳಿಗೆ ಇಂಥ ದಿನದಿಂದ ಊಟ ಸಿಕ್ಕಿಲ್ಲ’ ಎಂದು ಬರೆಯಿರಿ. ಕಾಯ್ದೆ ಹೇಳುವುದು ಊಟದ ಹಕ್ಕನ್ನು. ಸೀಲು ಬಿದ್ದ ಅರ್ಜಿ, ಪಟ್ಟಿ, ನಕ್ಷೆ, ಗ್ರಾಮಸಭೆ ನಡಾವಳಿ ಎಲ್ಲವೂ ಜೊತೆಗಿರಲಿ.

ಈ ಓಡಾಟದಲ್ಲಿ ಪಕ್ಕದ ಕೇಂದ್ರದ ಕಾರ್ಯಕರ್ತೆಯನ್ನು ಎದುರಾಳಿ ಮಾಡಿಕೊಳ್ಳಬೇಡಿ. ಗೌರವಧನಕ್ಕೆ ದುಡಿಯುವ ಆಕೆ ಸಮೀಕ್ಷೆ, ಚುನಾವಣಾ ಕೆಲಸ, ಮೊಬೈಲ್ ದಾಖಲೆ ಎಲ್ಲವನ್ನೂ ಹೊತ್ತಿರುತ್ತಾರೆ. ನಿಮ್ಮ ಮಕ್ಕಳ ಹೆಸರು ಆಕೆಯ ಪುಸ್ತಕದಲ್ಲಿದ್ದರೆ ಅದನ್ನು ಬಿಡಿಸಿಕೊಡಬೇಕಾದವರೂ ಆಕೆಯೇ. ಮೊದಲ ದಿನವೇ ಹೋಗಿ ‘ಅಕ್ಕಾ, ನಿಮ್ಮ ಮೇಲೆ ದೂರಲ್ಲ, ನಮ್ಮ ಮಕ್ಕಳಿಗೆ ನಡೆಯಲಾಗುತ್ತಿಲ್ಲ’ ಎಂದು ಹೇಳಿ ಬನ್ನಿ.

ಮಂಜೂರಾದ ಮೇಲೂ ಪಟ್ಟಿಯನ್ನು ಎತ್ತಿಡಬೇಡಿ. ಅಂಗನವಾಡಿಯ ಮೇಲೆ ಕಣ್ಣಿಡುವ ಬಾಲವಿಕಾಸ ಸಮಿತಿಗೆ, ಅರ್ಜಿಗೆ ಸಹಿ ಹಾಕಿದ ತಾಯಂದಿರೇ ಸದಸ್ಯರಾಗಿ ಹೋಗಲಿ. ಕಾರ್ಯಕರ್ತೆ ಹುದ್ದೆ ಖಾಲಿ ಬಿದ್ದರೆ ಕೇಂದ್ರ ಬೀಗ ಹಾಕಿಕೊಳ್ಳುತ್ತದೆ, ಆದ್ದರಿಂದ ನೇಮಕಾತಿ ಪ್ರಕಟಣೆ ಹೊರಬಿದ್ದ ದಿನವೇ ಕೇರಿಯ ಅರ್ಹ ಹೆಣ್ಣುಮಕ್ಕಳಿಗೆ ತಿಳಿಸಿ, ಅರ್ಜಿ ತುಂಬಿಸಿ. ಮೊದಲ ತಿಂಗಳು ದಿನಕ್ಕೊಬ್ಬ ತಾಯಿ ಊಟದ ಹೊತ್ತಿಗೆ ಹೋಗಿ ಹಾಜರಿ ಎಷ್ಟು, ತಟ್ಟೆಗಳು ಎಷ್ಟು ಎಂದು ಎಣಿಸಿ, ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಲಿ.